ಆಯಿ ತಂದ ಬಾವಿ ನೀರು

ಮೊನ್ನೆ ಶನಿವಾರ ಮೊಮ್ಮಕ್ಕಳ ಜೊತೆ ದಾಂಡೇಲಿಗೆ ಹೋಗಿದ್ದೆ. ಕಾಳಿ ನದಿಯ ದಂಡೆಯಲ್ಲಿ ಒದ್ದೆ ಬಂಡೆಯ ವಾಸನೆ ಬಂದದ್ದೇ ತಡ, ಆಯಿ ನೆನಪಾದಳು.

ಆಯಿ ಅಂದರೆ ನನ್ನ ತಾಯಿಯ ತಾಯಿ. ನಾವು ಸಣ್ಣವರಿದ್ದಾಗ ನಮ್ಮೂರು ಸಾಂಬ್ರಾಣಿಯಿಂದ ಮೊಮ್ಮಕ್ಕಳನ್ನೆಲ್ಲ ಕಟ್ಟಿಕೊಂಡು ಎರಡು ದಿನಕ್ಕೆ ಇದೇ ದಾಂಡೇಲಿಗೆ ಬಂದಿದ್ದಳು. ಅವಳ ಕಿರಿಮಗ, ನಮ್ಮ ಮಾವ, ಇಲ್ಲಿನ ಕಟ್ಟಿಗೆ ಡಿಪೋದಲ್ಲಿ ಕೆಲಸಕ್ಕಿದ್ದ. ಬಸ್ಸಿನಲ್ಲಿ ಅವಳ ತೊಡೆಯ ಮೇಲೆ ನಮ್ಮ ಬಾವಿಯ ನೀರು ತುಂಬಿದ ಸಣ್ಣ ತಾಮ್ರದ ಬಿಂದಿಗೆ. ಕಾಡಿನ ನೀರು ಕುಡಿದೇ ತನ್ನ ಹಿರಿಮಗ ಜ್ವರ ಬಂದು ತೀರಿಹೋದ ಎಂದು ಅವಳು ನಂಬಿದ್ದಳು. ಮಾವನ ಮನೆಯಲ್ಲಿ ನಾವು ನೀರು ಕೇಳಿದಾಗಲೆಲ್ಲ ಹೊಳೆನೀರಿಗೆ ಒಂದು ಗುಟುಕು ಬಾವಿ ನೀರು ಬೆರೆಸಿಯೇ ಕೊಡುತ್ತಿದ್ದಳು.

"ಹೊಸ ನೀರು ಮೈಗೆ ಹಿಡಸೂದಿಲ್ಲ. ಮನಿ ನೀರು ಜೋಡಿ ಇರ್ಲಿ."

ಮಾವ ನಕ್ಕ. "ಅವ್ವಾ, ನಾ ದಿನಾ ಕುಡಿಯೂದು ಇದ ನೀರು."

ಆಯಿ ಹೊರಡುವಾಗ ಖಾಲಿ ಬಿಂದಿಗೆಗೆ ಕಾಳಿ ನೀರು ತುಂಬಿಕೊಂಡಳು. ಊರಿಗೆ ಬಂದವಳೇ ಅದನ್ನು ನಮ್ಮ ಬಾವಿಗೆ ಸುರಿದಳು.

"ನನ್ನ ಮಗ ಕುಡಿಯೂ ನೀರು. ನಾವೂ ಕುಡಿಯೂಣು."

ಮೊನ್ನೆ ಮೊಮ್ಮಗಳ ಬಾಟಲಿಯಲ್ಲಿ ನಾನೂ ಕಾಳಿ ನೀರು ತುಂಬಿಕೊಂಡು ಬಂದೆ. ಹುಬ್ಬಳ್ಳಿಯ ಈ ಮನೆಗೆ ಬಾವಿಯಿಲ್ಲ. ಬಾಟಲಿ ಇನ್ನೂ ಅಡುಗೆಮನೆಯ ಕಟ್ಟೆಯ ಮೇಲೇ ಇದೆ.