ಎಣ್ಣೆ ಹಚ್ಚದ ತಲೆ

ಮೊನ್ನೆ ಶಿರಾಳಕೊಪ್ಪದ ಸಂತೆಯಲ್ಲಿ ಸೀಗೆಪುಡಿ ಕೊಳ್ಳುತ್ತಿದ್ದೆ. ಅಂಗಡಿಯವನು ಚೀಲದ ಬಾಯಿ ಬಿಚ್ಚಿದ್ದೇ ತಡ, ಆ ಒಗರು ವಾಸನೆ ಮೂಗಿಗೆ ಹತ್ತಿ ಸೀನು ಬಂತು. ಸೀನಿನ ಹಿಂದೆಯೇ ಅವಳೂ ಬಂದಳು... ವಾಸನೆಗೂ ನೆನಪಿಗೂ ಮಿದುಳಿನಲ್ಲಿ ಹತ್ತಿರದ ದಾರಿಯಿದೆ ಎಂದು ಕಂಡಕಂಡವರಿಗೆ ಪಾಠ ಹೇಳುವವಳು ನಾನೇ. ಆದರೂ ಹೀಗೆ ಹೇಳದೆ ಕೇಳದೆ ನಡುವೆ ಬಂದು ನಿಲ್ಲುವುದು ಅವಳ ಹಳೆಯ ಚಾಳಿ ಎಂದೇ ಅನಿಸಿತು.

ಮಿದುಳಿನ ಸಂಶೋಧನೆ ನಡೆಸುವ ಪ್ರಯೋಗಾಲಯವೊಂದರಲ್ಲಿ ನಾವಿಬ್ಬರೂ ಸಂಶೋಧನಾ ಸಹಾಯಕಿಯರಾಗಿದ್ದೆವು. ಅವಳು ಸೊರಬದವಳು, ನನಗಿಂತ ಸ್ವಲ್ಪ ಹಿರಿಯಳು. ನಾನು ಶಿಕಾರಿಪುರದವಳು, ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಬೆಳಿಗ್ಗೆ ಪರವಾಗಿ, ಮಧ್ಯಾಹ್ನ ವಿರೋಧವಾಗಿ ಮಾತಾಡಿ ಎರಡರಲ್ಲೂ ಗೆದ್ದವಳು. ಬಾಯಲ್ಲಿ ಅವಳನ್ನು ‘ಅಕ್ಕ’ ಅನ್ನುತ್ತಿದ್ದೆ. ಮನಸ್ಸಿನಲ್ಲಿ ಬರೀ ‘ಅವಳು’. ಕಾರಣ ಸರಳ. ಯೋಜನೆ ಮುಗಿದಾಗ ನಮ್ಮ ಮೇಡಂ ನಮ್ಮಿಬ್ಬರಲ್ಲಿ ಒಬ್ಬರನ್ನು ಮಾತ್ರ ಪಿಎಚ್‌ಡಿಗೆ ತೆಗೆದುಕೊಳ್ಳುವವರಿದ್ದರು. ಆ ಜಾಗ ನನಗೆ ಬೇಕಿತ್ತು. ಅವಳಿಗೂ ಬೇಕಿತ್ತು, ಆದರೆ ಆ ಆಸೆ ಅವಳ ಮುಖದಲ್ಲಿ ಕಾಣುತ್ತಿರಲಿಲ್ಲ. ಅದು ನನಗೆ ಇನ್ನೂ ಉರಿ.

ವಯಸ್ಸಾದವರ ಮಿದುಳು ಹೊಸದನ್ನು ಹೇಗೆ ನೆನಪಿಟ್ಟುಕೊಳ್ಳುತ್ತದೆ ಎಂದು ತಿಳಿಯುವುದು ನಮ್ಮ ಕೆಲಸ. ಸೊರಬ ತಾಲ್ಲೂಕಿನ ಒಂದು ಹಳ್ಳಿಯ ಸಮುದಾಯ ಭವನದಲ್ಲಿ ಯಂತ್ರ ಇಟ್ಟುಕೊಂಡು, ಅಜ್ಜಿಯರ ತಲೆಗೆ ತಂತಿಗಳ ಟೋಪಿ ಹಾಕಿ, ಮಿದುಳಿನ ಅಲೆಗಳನ್ನು ದಾಖಲಿಸಬೇಕಿತ್ತು. ಈ ಟೋಪಿಗೆ ದೊಡ್ಡ ಶತ್ರುವೆಂದರೆ ಕೂದಲ ಎಣ್ಣೆ. ಎಣ್ಣೆಯಿದ್ದರೆ ತಂತಿಯ ತುದಿ ನೆತ್ತಿಗೆ ಸರಿಯಾಗಿ ಕೂರುವುದಿಲ್ಲ. ಪರದೆಯ ಮೇಲೆ ಅಲೆಯ ಬದಲು ಕೋಳಿ ಕೆದರಿದಂಥ ಗೀಚು ಬರುತ್ತದೆ.

ಶಾಂಪೂ ಪೊಟ್ಟಣ ಹಂಚಿ, “ನಾಳೆ ತಲೆಸ್ನಾನ ಮಾಡ್ಕೊಂಡು ಬನ್ನಿ” ಎಂದು ಹೇಳಿ ಬಂದೆ. ಎಲ್ಲರೂ ಸ್ನಾನ ಮಾಡಿಯೇ ಬಂದರು. ಮಾಡಿ, ಆಮೇಲೆ ಅಂಗೈ ತುಂಬ ಕೊಬ್ಬರಿ ಎಣ್ಣೆ ಸುರಿದುಕೊಂಡು, ಬಿಗಿಯಾಗಿ ತುರುಬು ಕಟ್ಟಿ, ಕೆಲವರು ಹೂವನ್ನೂ ಮುಡಿದು ಬಂದರು. ದೊಡ್ಡ ಮಿಷನ್ನಿನ ಮುಂದೆ ಕೂರುವುದೆಂದರೆ ಸುಮ್ಮನೆಯೇ? ಶಾಂಪೂ ಮೊಮ್ಮಕ್ಕಳ ಪಾಲಾಗಿತ್ತು. ಎಣ್ಣೆ ಏಕೆ ಕೂಡದೆಂದು ನಾನು ಚಿತ್ರ ಬರೆದು ವಿವರಿಸಿದೆ. ಮುಂದೆ ಕೂತಿದ್ದ ಅಜ್ಜಿ ಪೂರ್ತಿ ಕೇಳಿಸಿಕೊಂಡಳು.

“ಅಲ್ವೇ ಮಾರಾಯ್ತಿ, ಹಂಗೆ ತಲೆ ಕೆದರಿಕೊಂಡು ಬರಕ್ಕೆ ನಮ್ಮನೇಲಿ ಯಾರಾದ್ರೂ ಸತ್ತಾರೇನು?”

ಸಾವಾದ ಮನೆಯ ಹೆಂಗಸರು ಮಾತ್ರ ಅಲ್ಲಿ ಎಣ್ಣೆ ಮುಟ್ಟದೆ ಕೂದಲು ಬಿಟ್ಟುಕೊಂಡಿರುವುದು. ಯಾವ ವೇದಿಕೆಯ ಮೇಲೂ ನನಗೆ ಇಂಥ ಖಂಡನೆ ಎದುರಾಗಿರಲಿಲ್ಲ.

ಅವಳು ವಾದಕ್ಕೇ ಇಳಿಯಲಿಲ್ಲ. ದುಪಟ್ಟಾ ಸೊಂಟಕ್ಕೆ ಬಿಗಿದು, ಭವನದ ಹಿತ್ತಲಲ್ಲಿ ಹಂಡೆಗೆ ನೀರು ತುಂಬಿ ಒಲೆ ಹೊತ್ತಿಸಿದಳು. “ಬಾ ಅಜ್ಜಿ, ನಾನೇ ತಲೆಗೆ ಎರೀತೀನಿ. ಕೆಲಸ ಮುಗಿದ್ಮೇಲೆ ನಾನೇ ಎಣ್ಣೆ ಹಚ್ಚಿ, ತುರುಬು ಕಟ್ಟಿ ಕಳಿಸ್ತೀನಿ. ಹೆಂಗೆ ಬಂದ್ಯೋ ಹಂಗೇ ಮನೆಗೆ ಹೋಗು.” ಅಷ್ಟೇ. ಅಜ್ಜಿ ಹಿತ್ತಲಿಗೆ ನಡೆದೇಬಿಟ್ಟಳು.

“ನೋಡಿದ್ಯೇನೇ ವಕೀಲಮ್ಮ?” ಎಂದು ಅವಳು ನನ್ನತ್ತ ತಿರುಗಿ ನಕ್ಕಳು.

“ಇದು ಲಂಚ ಅಕ್ಕಾ, ವಿಜ್ಞಾನ ಅಲ್ಲ.”

“ಹಂಗಾರೆ ನೀನು ಒಲೆಗೆ ಸೌದೆ ಹಾಕು. ಅದೂ ವಿಜ್ಞಾನ ಅಲ್ಲ.”

ಅಲ್ಲಿಂದ ಮುಂದೆ ಎಲ್ಲರಿಗೂ ಅವಳೇ ಬೇಕು. ಸೀಗೆಪುಡಿ ಕಲಸಿದ ಆ ಕೈ, ಕತ್ತಿನ ಹಿಂದೆ ಹೆಬ್ಬೆರಳು ಒತ್ತುವ ಆ ರೀತಿ... ಅಜ್ಜಿಯರು ಕಣ್ಣು ಮುಚ್ಚಿಕೊಂಡು, ಮಗಳಿಗೂ ಹೇಳದ ಸುದ್ದಿಯನ್ನು ಅವಳಿಗೆ ಹೇಳುತ್ತಿದ್ದರು. ನನ್ನ ಪಾಲಿಗೆ ಬಂದವರು ನಾನು ವಾದಿಸಿ ವಾದಿಸಿ ನಲ್ಲಿಯ ಕೆಳಗೆ ತಲೆ ಒಡ್ಡಿಸಿದವರು. ಅವಳು ಮಾಡಿದ ದಾಖಲೆಗಳು ನುಣುಪಾಗಿ ಬರುತ್ತಿದ್ದವು; ನನ್ನವುಗಳಲ್ಲಿ ಕತ್ತಿನ ಬಿಗಿತ, ಹಲ್ಲಿನ ಕಡಿತ, ಎಲ್ಲ ಕಾಣುತ್ತಿತ್ತು. “ಎಷ್ಟು ಚೆಂದ ಬಂದಿದೆ!” ಎಂದು ಮೇಡಂ ಅವಳ ಪರದೆಯ ಮುಂದೆ ನಿಂತಾಗಲೆಲ್ಲ ನಾನು ನನ್ನ ತಂತಿಗಳ ಸಿಕ್ಕು ಬಿಡಿಸುತ್ತ ಕೂರುತ್ತಿದ್ದೆ.

ಒಂದು ದಿನ ಹೊಳೆಯಿತು. ಕಣ್ಣು ಮುಚ್ಚಿ ಹಾಯಾಗಿ ಕೂತಾಗ ಮಿದುಳಿನಲ್ಲಿ ಒಂದು ಬಗೆಯ ಸಮಾಧಾನದ ಅಲೆ ಏಳುತ್ತದೆ. ಬಿಸಿನೀರು ಎರೆದು, ಕತ್ತು ನೀವಿ, ಆಗಲೇ ಟೋಪಿ ಹಾಕಿದರೆ ಆ ಅಲೆ ಏಳದೆ ಏನಾದೀತು? ಪ್ರಯೋಗಾಲಯದ ಸಭೆಯಲ್ಲಿ ಎದ್ದು ನಿಂತೆ. ಇಬ್ಬರ ದಾಖಲೆಗಳನ್ನೂ ಪಕ್ಕಪಕ್ಕ ಇಟ್ಟೆ. “ಅಕ್ಕ ದಾಖಲು ಮಾಡಿರೋದು ನೆನಪನ್ನಲ್ಲ ಮೇಡಂ, ಬಿಸಿನೀರನ್ನ.”

ಮೇಡಂ ಅವಳ ಕಡೆ ನೋಡಿದರು. ಮರುವಾದವನ್ನು ಎದುರಿಸಲು ನಾನು ಪೂರ್ತಿ ಸಿದ್ಧಳಾಗಿದ್ದೆ.

“ಹೌದಲ್ಲೇ!” ಅಂದಳು. ಮುಖ ಅರಳಿತ್ತು. “ನಂಗೆ ಹೊಳೆದೇ ಇರ್ಲಿಲ್ಲ ನೋಡು.”

ಎದುರಾಳಿ ತನ್ನ ಕುರ್ಚಿ ಎತ್ತಿಕೊಂಡು ಬಂದು ನನ್ನ ಪಕ್ಕದಲ್ಲೇ ಕೂತಂತಾಯಿತು. ಸಂಜೆಯೊಳಗೆ ಹೊಸ ನಿಯಮವನ್ನೂ ಅವಳೇ ಮಾಡಿದಳು: ಎಲ್ಲರ ತಲೆಯನ್ನೂ ಒಂದೇ ರೀತಿ ತೊಳೆಯಬೇಕು, ಕತ್ತು ನೀವುವಂತಿಲ್ಲ, ಆಮೇಲೆ ಎಲ್ಲರನ್ನೂ ಒಂದೇ ಅವಧಿ ಸುಮ್ಮನೆ ಕೂರಿಸಿ ಟೋಪಿ ಹಾಕಬೇಕು. ಹಳೆಯ ದಾಖಲೆಗಳನ್ನೆಲ್ಲ ಕೈಬಿಟ್ಟು ಮೊದಲಿನಿಂದ ಶುರುಮಾಡಿದೆವು; ಈ ಸಲ ಎಲ್ಲರ ತಲೆಯನ್ನೂ ತೊಳೆದವಳು ಅವಳೇ. ಕೊನೆಗೆ ಜಾಗ ಸಿಕ್ಕಿದ್ದು ಅವಳಿಗೆ. “ನೀನು ತಪ್ಪು ಹುಡುಕಿದೆ. ಅವಳು ಅದನ್ನ ಇಟ್ಕೊಂಡು ಕೆಲಸ ಮುಂದೆ ನಡೆಸಿದಳು,” ಎಂದರು ಮೇಡಂ. ನಾನು ಹುಡುಕದಿದ್ದರೆ ಅವಳು ನಡೆಸುತ್ತಿದ್ದುದು ಏನನ್ನು? ಈ ಪ್ರಶ್ನೆಗೆ ಇವತ್ತಿನವರೆಗೂ ನನಗೆ ಯಾರೂ ಉತ್ತರ ಕೊಟ್ಟಿಲ್ಲ. ನಾನು ಹೇಳಿದ್ದು ಸರಿಯಿತ್ತು. ಈಗಲೂ ಸರಿಯೇ.

ಜಾಗ ಅವಳಿಗೆಂದು ತಿಳಿದ ಸಂಜೆ ಅವಳೇ ನನ್ನ ಪಕ್ಕ ಬಂದು ನಿಂತಿದ್ದಳು. “ನಿಂಗೆ ತಲೆ ಬಿಸಿಯಾಗಿದೆ. ಭಾನುವಾರ ರೂಮಿಗೆ ಬಾ, ಎರೀತೀನಿ. ಕತ್ತು ನೀವ್ತೀನಿ, ಮೇಡಂಗೆ ಹೇಳಬೇಡ.”

“ಬೇಡ ಅಕ್ಕ,” ಅಂದೆ.

ಹೋದ ವರ್ಷ ಜ್ವರವೆಂದು ಊರಿಗೆ ಹೋದವಳು ಮತ್ತೆ ಬರಲಿಲ್ಲ... ಜ್ವರ ತಲೆಗೇರಿ ತೀರಿಕೊಂಡಳಂತೆ. ಅಷ್ಟರ ಮೇಲೆ ನಾನು ಕೇಳಲಿಲ್ಲ. ಕೆಲವು ತಿಂಗಳ ನಂತರ ಅವಳ ಜಾಗಕ್ಕೆ ನನ್ನನ್ನು ತೆಗೆದುಕೊಂಡರು. ಅವಳ ಮೇಜು, ಅವಳ ಯಂತ್ರ, ಅವಳು ಮಾಡಿದ ನಿಯಮ. ಹೊಟ್ಟೆಕಿಚ್ಚು ಇಲ್ಲಿಗೆ ಮುಗಿಯಬೇಕಿತ್ತು, ತರ್ಕದ ಪ್ರಕಾರ.

ಸಂತೆಯ ಮರುದಿನ ಅದೇ ಹಳ್ಳಿಯ ಅದೇ ಅಜ್ಜಿಯರನ್ನು ಮತ್ತೆ ದಾಖಲಿಸುವ ಕೆಲಸವಿತ್ತು. ಎಣ್ಣೆ ಹಚ್ಚಬೇಡಿ ಎಂದು ಮೊದಲೇ ಹೇಳಿ ಕಳಿಸಿದ್ದೆ. ಹೋಗಿ ನೋಡಿದರೆ ಎಲ್ಲರೂ ಒಣಗಿದ ಕೂದಲನ್ನು ಬೆನ್ನ ಮೇಲೆ ಬಿಟ್ಟುಕೊಂಡು ಸಾಲಾಗಿ ಕೂತಿದ್ದರು. ಹೂವಿಲ್ಲ, ತುರುಬಿಲ್ಲ. ಕಡೆಗೂ ನನ್ನ ಮಾತು ನಡೆಯಿತಲ್ಲ ಎಂದು ಎದೆ ಉಬ್ಬಿತು.

ನಿಯಮ ನಿಯಮವೇ. ಎಣ್ಣೆಯಿಲ್ಲದಿದ್ದರೂ ತಲೆ ತೊಳೆಯಬೇಕು. ಮೊದಲು ಕೂತವಳು, ಅಂದು ‘ನಮ್ಮನೇಲಿ ಯಾರಾದ್ರೂ ಸತ್ತಾರೇನು’ ಎಂದು ಕೇಳಿದ್ದ ಅದೇ ಅಜ್ಜಿ. “ಪರವಾಗಿಲ್ವೇ ಅಜ್ಜಿ,” ಅಂದೆ, “ಈ ಸಲ ನಾನು ಹೇಳಿದ ಮಾತು ಕೇಳಿದ್ರಿ.”

ಅಜ್ಜಿ ಕತ್ತು ಬಗ್ಗಿಸಿಕೊಂಡೇ ಹೇಳಿದಳು: “ನೀ ಹೇಳಿದ್ದನ್ನ ನಾವು ಯಾವತ್ತು ಕೇಳೀವೇ?”

ತುಂಬಿದ ತಂಬಿಗೆ ಹಿಡಿದುಕೊಂಡೇ ತಿರುಗಿದೆ. ಸುತ್ತ ಕೂತ ಅಷ್ಟೂ ಬಿಚ್ಚಿದ ತಲೆಗಳನ್ನು ನೋಡಿದೆ. ಆ ಪ್ರತಿಯೊಂದು ತಲೆಗೂ ಅವಳ ಕೈ ಎಂಥದೆಂದು ಗೊತ್ತಿತ್ತು, ನನ್ನದೊಂದನ್ನು ಬಿಟ್ಟು...

“ನೀರು ಆರೋಯ್ತು, ಹುಯ್ಯೇ,” ಅಂದಳು ಅಜ್ಜಿ. ಹುಯ್ದೆ.