ಈಚಲು ಕಿತ್ತು ಮಾಡಿದ ಸನ್ಮಾನ

ನಮ್ಮ ರಾಯದುರ್ಗದ ದೊಡ್ಡ ಮನುಷ್ಯರಿಗೆ ವರ್ಷಕ್ಕೊಮ್ಮೆ ಯಾರನ್ನಾದರೂ ಉದ್ಧಾರ ಮಾಡದಿದ್ದರೆ ತಿಂದದ್ದು ಅರಗುವುದಿಲ್ಲ. ಹೋದ ವರ್ಷ ಅವರ ಕಣ್ಣು ಆದಿವಾಸಿಗಳ ಮೇಲೆ ಬಿತ್ತು. ಹುಡುಕಿಕೊಂಡು ಕಾಡಿಗೇನೂ ಹೋಗಬೇಕಿರಲಿಲ್ಲ. ನಮ್ಮ ಓಣಿಯ ಹಿಂದೆ, ಹಳ್ಳದ ದಂಡೆಯಲ್ಲೇ ಇದ್ದಾರೆ. ಕನ್ನಡದವರು ಕೊರಚರು ಅನ್ನುತ್ತೇವೆ, ತೆಲುಗಿನವರು ಎರುಕಲರು ಅನ್ನುತ್ತಾರೆ. ಅಲ್ಲಿನ ಒಬ್ಬ ಮುದುಕಿ ಹೆಣೆದ ಬುಟ್ಟಿ ಇಲ್ಲದ ಮನೆ ನಮ್ಮ ಓಣಿಯಲ್ಲಿಲ್ಲ. ಕುರಿಹಿಕ್ಕೆ ಹೊರುವುದು ಅದರಲ್ಲೇ, ಕೋಳಿ ಮುಚ್ಚುವುದು ಅದರಲ್ಲೇ. ಆಕೆಯನ್ನು ಒಳಗೆ ಕರೆದು ಕೂರಿಸಿದ ಮನೆ ಮಾತ್ರ ನನಗೆ ಗೊತ್ತಿಲ್ಲ.

ಆಕೆಗೇ ಶಾಲು ಹೊದಿಸುವುದೆಂದು ತೀರ್ಮಾನವಾಯಿತು. ಶಾಮಿಯಾನಕ್ಕೆ ಜಾಗ ಬೇಕಲ್ಲ. ಇದಕ್ಕೆಂದೇ ಕಟ್ಟಿದ ಸನ್ಮಾನ ಸಮಿತಿಯ ಅಧ್ಯಕ್ಷರು ಹಳ್ಳದ ಪಕ್ಕ ನಿಂತು ನೋಡಿದರು, ಮುಳ್ಳುಕಂಟಿ ಕಂಡಿತು, ಜೆಸಿಬಿ ತರಿಸಿದರು. ಮಧ್ಯಾಹ್ನದೊಳಗೆ ನೆಲ ಸಪಾಟಾಯಿತು. ಅವರು ಕಂಟಿ ಎಂದು ಕಿತ್ತೆಸೆದದ್ದು ಈಚಲ ಪೊದೆ. ಮುದುಕಿ ಬುಟ್ಟಿಗೆ ಗರಿ ಕೊಯ್ಯುತ್ತಿದ್ದದ್ದು ಅಲ್ಲೇ. ಗರಿಯ ದಿಂಡನ್ನು ಹಸಿ ಇರುವಾಗಲೇ ಸೀಳಿ ಹೆಣೆಯಬೇಕು, ಒಣಗಿದರೆ ಮುರಿಯುತ್ತದೆ. ಆ ಜನ ಗುಡಿಸಲು ಹಾಕಿದ್ದೇ ಈಚಲು ನೋಡಿಕೊಂಡು. ಬುಟ್ಟಿಗೆ ಮರ್ಯಾದೆ ಮಾಡಹೊರಟ ಈ ಮಹಾಶಯರಿಗೆ ಬುಟ್ಟಿ ಯಾತರದ್ದು ಎಂದು ಕೇಳುವಷ್ಟು ವ್ಯವಧಾನವಿರಲಿಲ್ಲ. ನಾನು ಹೇಳಹೋದರೆ, ಒಳ್ಳೆಯ ಕೆಲಸಕ್ಕೆ ಅಡ್ಡಬಾಯಿ ಹಾಕಬಾರದು ಅಂದರು.

ಸನ್ಮಾನದ ದಿನ ಶಾಲು ಹೊದಿಸಿ, ಫೋಟೋ ತೆಗೆಸಿಕೊಂಡು, ಈಗೊಂದು ಬುಟ್ಟಿ ಹೆಣೆದು ತೋರಿಸು ಅಂದರು. ಗರಿ ಎಲ್ಲಿಂದ ಬರಬೇಕು? ಯಾರೋ ಅಂಗಡಿಗೆ ಓಡಿ ಪ್ಲಾಸ್ಟಿಕ್ ಪಟ್ಟಿ ತಂದುಕೊಟ್ಟರು. ನನಗೆ ಹೇಸಿಗೆಯಾಯಿತು. ಆಕೆ ಅದನ್ನು ಮುಟ್ಟದೆ ಕೂತಳು. ಸಭೆ ಕಳೆಗುಂದುತ್ತಿರುವುದು ಕಂಡು ಅಧ್ಯಕ್ಷರು ಮೈಕನ್ನು ಆಕೆಯ ಬಾಯಿಗೆ ಹಿಡಿದು, "ನಿಮ್ಮ ಭಾಷೆದಾಗ ಒಂದೆರಡು ಮಾತು ಆಡವ್ವ, ಮಂದಿ ಕೇಳಲಿ" ಅಂದರು.

ಆಕೆ ಅಧ್ಯಕ್ಷರ ಮುಖ ನೋಡಿಕೊಂಡೇ ತನ್ನ ಮನೆಮಾತಿನಲ್ಲಿ ಮಾತಾಡಿದಳು. ದನಿ ಏರಿಸಲಿಲ್ಲ. ನನ್ನ ಪಕ್ಕದಲ್ಲಿ ಕೂತಿದ್ದ ಆಕೆಯ ಸೊಸೆ ತಲೆ ತಗ್ಗಿಸಿದ್ದು ಕಂಡು, ಏನಂದಳೆಂದು ಕೇಳಿದೆ.

"ನನ್ನ ಅನ್ನ ಬೇರಸಮೇತ ಕಿತ್ತು, ಅದರ ಮ್ಯಾಲೆ ಕುರ್ಚಿ ಹಾಕ್ಕೊಂಡು ಕುಂತೀರಿ, ಇನ್ನ ನಾನು ಎಲ್ಲಿಗೆ ಹೋಗಿ ಗರಿ ಕೊಯ್ಲಿ ಅಂತ ಕೇಳ್ತಾಳ್ರಿ."

ಅಷ್ಟರಲ್ಲಿ ಶಾಮಿಯಾನದ ತುಂಬ ಚಪ್ಪಾಳೆ. ಎಂಥ ಇಂಪಾದ ಭಾಷೆ ಅಂದ ಅಧ್ಯಕ್ಷರು, ಇನ್ನೊಮ್ಮೆ ಹೇಳವ್ವ ಎಂದು ಮೈಕನ್ನು ಮತ್ತೆ ಆಕೆಯ ಬಾಯಿಗೆ ಹಿಡಿದರು.