ಬಂದರಿನ ಚಿತ್ರದಲ್ಲಿ ಹಗ್ಗ ಹಿಡಿದವನು

ಅವರು ಹಿನ್ನೀರಿನಾಚೆಯ ಬ್ಯಾಕೋಡಿನ ಕಡೆಯವರು. ಜನರನ್ನು ದಾಟಿಸುವ ಲಾಂಚ್ ದಡಕ್ಕೆ ಬಂದಾಗ ಹಗ್ಗ ಹಿಡಿದು ಕಟ್ಟುವುದು ಅವರ ಕೆಲಸ. ರಜೆಯ ದಿನ ಸಾಗರ ಪೇಟೆಗೆ ಬಂದರೆ ನನ್ನ ಫೋಟೋ ಫ್ರೇಮಿನ ಅಂಗಡಿಯಲ್ಲಿ ಕೂತು ಬಸ್ಸು ಕಾಯುತ್ತಿದ್ದರು. ಒಬ್ಬರೇ ಬಂದಿದ್ದರೂ ಹೊರಡುವಾಗ ಬಾಗಿಲಲ್ಲಿ ತಿರುಗಿ, "ಎಲ್ಲಾ ಹತ್ತಿದ್ರಾ?" ಎನ್ನುವರು. ಲಾಂಚಿನ ಅಭ್ಯಾಸ.

ಯಾರೋ ಕಟ್ಟು ಹಾಕಲು ಕೊಟ್ಟು ಮರೆತ ಒಂದು ಚಿತ್ರ ನನ್ನ ಗೋಡೆಯಲ್ಲಿತ್ತು. ಹತ್ತೊಂಬತ್ತನೇ ಶತಮಾನದ ಯಾವುದೋ ಬಂದರು, ತಾಮ್ರದ ತಗಡಿನಲ್ಲಿ ಕೊರೆದು ಅಚ್ಚು ತೆಗೆದದ್ದು. ಮುಕ್ಕಾಲು ಭಾಗ ಬರೀ ಆಕಾಶ. ದೂರದಲ್ಲೊಂದು ಹಡಗು. ಕೆಳಗೆ ಮೂಲೆಯಲ್ಲಿ, ಹಗ್ಗ ಹಿಡಿದು ನಿಂತ ಒಬ್ಬ.

"ಹಡಗು ಬಿಟ್ಟುಹೋಗಿದೆ. ಅದಕ್ಕೇ ಇಷ್ಟು ಖಾಲಿ ಬಿಟ್ಟು ಬರೆದಿದಾನೆ" ಎಂದೆ, ನಾಲ್ಕು ಚಿತ್ರ ನೋಡಿದವನ ಜಂಬದಲ್ಲಿ.

ಅವರು ಜಡ್ಡುಗಟ್ಟಿದ ಅಂಗೈ ಉಜ್ಜಿಕೊಂಡರು. "ಅಲ್ಲ ಮಾರಾಯ್ರೆ, ಬರ್ತಾ ಇದೆ. ಇಲ್ದಿದ್ರೆ ಇವನ ಕೈಲಿ ಹಗ್ಗ ಯಾಕೆ?"

ಆಮೇಲೆ ಹಿನ್ನೀರಿಗೆ ಸೇತುವೆ ಆಯಿತು, ಲಾಂಚ್ ನಿಂತಿತು. ಅದೇ ಸೇತುವೆಯ ಮೇಲೆ ಬಸ್ಸಿನಲ್ಲಿ ಒಮ್ಮೆ ಬಂದರು. ಚಿತ್ರದ ಮುಂದೆ ತುಂಬಾ ಹೊತ್ತು ನಿಂತರು.

"ನೀವು ಹೇಳಿದ್ದೇ ಸರಿ. ಹೋಗಿದೆ ಅದು."

"ಮತ್ತೆ ಕೈಲಿರೋ ಹಗ್ಗ?"

"ಬಿಡೋಕೆ ಸ್ವಲ್ಪ ಹೊತ್ತು ಬೇಕಲ್ಲ."

ಆ ದಿನ ಹೊರಡುವಾಗ ಬಾಗಿಲಲ್ಲಿ ತಿರುಗಿ ಏನೂ ಕೇಳಲಿಲ್ಲ.